ನಗಬಾರದ ಗೆಲುವು

ನೇವಿಯೊ ಗರ್ಲಾಂದಿಯ ಕೆಲಸಕ್ಕೆ ಸಂಚಕಾರ ಬಂದದ್ದು ಒಂದು ತಟ್ಟೆ ಕುಂಬಳಕಾಯಿ ಹೂರಣದ ತೊರ್ತೆಲ್ಲಿ ಕಡುಬಿನಿಂದ.

ಬಡಿಸಿದವಳು ವಿಧವೆ ಇರ್ಮಾ. ಕಾಸಲ್‌ನೇರೊ ಊರಿನ ಪರವಾಗಿ ಅವನು ಗೋಲು ಹೊಡೆಯುತ್ತಿದ್ದ ಕಾಲದಲ್ಲಿ, ಕೂದಲು ತಲೆಯ ಮೇಲೂ ಮೊಣಕಾಲು ಸ್ವಾಧೀನದಲ್ಲೂ ಇದ್ದ ಆ ಕಾಲದಲ್ಲಿ, ಅವಳ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ. ಅವನ ಗೋಲುಗಳೆಲ್ಲ ತನ್ನ ಅಡುಗೆಯ ಪುಣ್ಯವೆಂದು ಅವಳು ಇವತ್ತಿಗೂ ನಂಬಿದ್ದಾಳೆ. ಈಗ ಅವನು ನಮ್ಮ ಲುಂಗಾರಾ ತಂಡದ ತರಬೇತುದಾರ. ಆ ಭಾನುವಾರ ಅದೇ ಕಾಸಲ್‌ನೇರೊ ಎದುರು, ಅವರದೇ ಮೈದಾನದಲ್ಲಿ ಆಟ.

ಬೆಳಿಗ್ಗೆಯೇ ಅಧ್ಯಕ್ಷ ಗವಾಸ್ಸಿ ಫೋನ್ ಮಾಡಿ, ಸೋತರೆ ಬಸ್ಸಿನಲ್ಲಿ ವಾಪಸು ಬರುವ ತೊಂದರೆ ತೆಗೆದುಕೊಳ್ಳಬೇಡ ಎಂದಿದ್ದ. ಮೂರು ಊರುಗಳು ಆಗಲೇ ನೇವಿಯೊನನ್ನು ಮನೆಗೆ ಕಳಿಸಿದ್ದವು. ಇದೂ ಹೋದರೆ ಕರೆಯುವವರಿಲ್ಲ. ಚೆಂಡು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಬಾರದು.

ಆಟಕ್ಕೆ ಮುಂಚಿನ ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಇರ್ಮಾಳ ಜೊತೆಗೆ ಕ್ಷೌರಿಕ ಅಮಿಲ್ಕಾರೆಯೂ ಇಗರ್ಜಿಯ ಗಂಟೆ ಹೊಡೆಯುವ ಮುದುಕನೂ ಬಂದು ಕೂತಿದ್ದರು. ಹೆಣ ಎತ್ತುವ ಮುಂಚೆ ಸತ್ತವನ ಗುಣಗಾನ ಮಾಡುವಂತೆ ಅವನ ಹಳೆಯ ಗೋಲುಗಳನ್ನು ಒಂದೊಂದಾಗಿ ನೆನೆದರು. ಅಮಿಲ್ಕಾರೆಯಂತೂ, ನಿನ್ನ ಹೆಸರನ್ನೇ ನನ್ನ ಮೊಮ್ಮಗನಿಗಿಟ್ಟೆ, ಆ ಪಾಪಿಯೂ ಮೊಣಕಾಲು ಮುರಿದುಕೊಂಡ ಎಂದು ಕಣ್ಣೊರೆಸಿಕೊಂಡ.

ಇರ್ಮಾ ಅವನ ತಟ್ಟೆಗೆ ಮೇಲೊಂದು ಚಮಚ ಬೆಣ್ಣೆ ಸುರಿದಳು. "ಗೆಲ್ಲಬೇಡ ಅಂತ ನಾನು ಹೇಳಲ್ಲ ಕಣೋ. ಹೊಟ್ಟೆಪಾಡು. ಆದ್ರೆ ಗೋಲು ಬಂದಾಗ ಹಲ್ಲು ಕಿರೀಬೇಡ. ಮುಂದಿನ ಸಾಲಲ್ಲೇ ಕೂತಿರ್ತೀನಿ."

ನಮ್ಮಲ್ಲಿ ಅದೊಂದು ನೇಮ. ಹಳೆಯ ತಂಡದ ಎದುರು ಗೋಲು ಬಂದರೆ ಕೈ ಎತ್ತಬಾರದು, ಕುಣಿಯಬಾರದು. ಉಂಡ ಮನೆಯ ಗಳ ಹಿರಿಯುವುದೇ ಆದರೂ ನಗುತ್ತ ಹಿರಿಯಬಾರದು. ನೇವಿಯೊ ಬಾಯಲ್ಲಿ ತೊರ್ತೆಲ್ಲಿ ಇಟ್ಟುಕೊಂಡೇ, ಸಂತ ಅಂತೋನಿಯ ಆಣೆ ಎಂದುಬಿಟ್ಟ.

ಆಟ ಶುರುವಾಗುವ ಹೊತ್ತಿಗೆ ಹೊಳೆಯ ಕಡೆಯಿಂದ ಮಂಜು ಬಂತು. ನವೆಂಬರಿನ ಮಂಜು, ಕರೆಯದೆ ಬಂದ ನೆಂಟನಂತೆ ಮೈದಾನದ ತುಂಬ ಕಾಲು ಚಾಚಿ ಮಲಗಿತು. ರೆಫರಿ ಮಧ್ಯದಲ್ಲಿ ನಿಂತು ಎರಡೂ ಗೋಲುಕಂಬಗಳನ್ನು ಕಣ್ಣು ಕಿರಿದು ಮಾಡಿ ನೋಡಿ, ಕಾಣುತ್ತವೆ ಎಂದ. ಅವನನ್ನು ಬಿಟ್ಟರೆ ಬೇರೆ ಯಾರಿಗೂ ಕಾಣಲಿಲ್ಲ. ಟಿವಿಯವರ ಎತ್ತರದ ಕ್ಯಾಮೆರಾಕ್ಕೆ ಬರೀ ಹಾಲು ಕಂಡಿತು. ಬೆಂಚಿನ ಪಕ್ಕದ ಸಣ್ಣ ಕ್ಯಾಮೆರಾಕ್ಕೆ ಮಾತ್ರ ಒಂದು ವಸ್ತು ಸ್ಪಷ್ಟವಾಗಿತ್ತು: ನೇವಿಯೊನ ಮುಖ.

ಹೀಗಾಗಿ ಲುಂಗಾರಾದ ಬಾರಿನಲ್ಲಿ ನಾವೆಲ್ಲ ನೋಡಿದ್ದು ಆ ಮುಖವನ್ನೇ. ಅಧ್ಯಕ್ಷ ಗವಾಸ್ಸಿಯೂ ಅಲ್ಲೇ ಇದ್ದ. ತಾನು ಹೋದ ಕಡೆ ತಂಡ ಸೋಲುತ್ತದೆಂದು ಅವನು ಪರವೂರಿನ ಆಟಕ್ಕೆ ಹೋಗುವುದಿಲ್ಲ. ಕೋಟಿನ ಜೇಬಿನಲ್ಲಿ ಅದೃಷ್ಟದ ಲಾಳದ ಚೂರನ್ನು ಹಿಡಿದುಕೊಂಡೇ ಕಾಫಿ ಕುಡಿಯುತ್ತಿದ್ದ.

ಅತ್ತ ಮಂಜಿನೊಳಗೆಲ್ಲೋ ನಮ್ಮವರ ಚೆಂಡು ಯಾರದೋ ಬೆನ್ನಿಗೆ ತಗುಲಿ ಬಲೆಯೊಳಗೆ ಉರುಳಿತು, ಸುದ್ದಿ ಬಾಯಿಂದ ಬಾಯಿಗೆ ಬೆಂಚಿನವರೆಗೆ ಬಂತು. ಗೋಲು. ನೇವಿಯೊನ ಎದೆ ಹಿಗ್ಗಿತು, ಕೆಲಸ ಉಳಿಯಿತು. ಬಾಯಿ ಅರಳುವ ಮುಂಚೆ ಮುಂದಿನ ಸಾಲಿನಲ್ಲಿ ಕಪ್ಪು ಶಾಲಿನ ಇರ್ಮಾ ಕಂಡಳು. ಅವನು ತಲೆ ತಗ್ಗಿಸಿದ. ಸಾಲದೆಂದು ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟೂ ಸಾಲದೆಂದು ಶಿಲುಬೆಯ ಗುರುತು ಮಾಡಿಕೊಂಡ. ಕಾಸಲ್‌ನೇರೊ ಜನ ಮೌನವಾಗಿ ಎದ್ದು ನಿಂತು ಗೌರವ ತೋರಿದರು.

ಆ ಮೌನ ಯಾರದೆಂದು ಬಾರಿನಲ್ಲಿ ನಮಗೆ ತಿಳಿಯಲಿಲ್ಲ, ಕಂಡದ್ದು ಹರಳೆಣ್ಣೆ ಕುಡಿದ ಆ ಮುಖ. ಟಿವಿಯಲ್ಲಿ ಮಾತಾಡುವವನೂ ಏನೂ ಕಾಣದೆ, ಗರ್ಲಾಂದಿಯವರನ್ನು ನೋಡಿದರೆ ಲುಂಗಾರಾ ಗೋಲು ಬಿಟ್ಟಂತಿದೆ ಎಂದ. ಗವಾಸ್ಸಿ ಬೆಂಚಿನಲ್ಲಿದ್ದ ಸಹಾಯಕ ತರಬೇತುದಾರ ತುಲ್ಲಿಯೊಗೆ ಫೋನ್ ಹಚ್ಚಿದ. ಅವನಿಗೆ ಉಸಿರೆತ್ತಲು ಬಿಡದೆ, ಆ ಶನಿಯನ್ನು ಬೆಂಚಿನಿಂದ ಎಬ್ಬಿಸು, ಇನ್ನು ನೀನೇ ನೋಡಿಕೋ ಎಂದು ಹೇಳಿ ಇಟ್ಟುಬಿಟ್ಟ. ಮರುಗಳಿಗೆ ರೇಡಿಯೋದವರಿಗೂ ತಿಳಿಸಿದ. ತುಲ್ಲಿಯೊ ತಿರುಗಿ ಮಾಡಿದಾಗಲೆಲ್ಲ ಲೈನು ಸಿಗಲಿಲ್ಲ.

"ಮಿಸ್ಟರ್," ಎಂದ ತುಲ್ಲಿಯೊ, ತಾನೇ ತಪ್ಪು ಮಾಡಿದವನಂತೆ. ತರಬೇತುದಾರನನ್ನು ನಮ್ಮಲ್ಲಿ ಕರೆಯುವುದೇ ಹಾಗೆ. "ನಿಮ್ಮನ್ನ ತೆಗೆದಿದ್ದಾರಂತೆ."

"ಗೆಲ್ತಾ ಇದೀವಲ್ಲೋ."

"ಅದನ್ನ ಕೇಳಿಸ್ಕೊಳ್ಳಲಿಲ್ಲ."

ನೇವಿಯೊ ಕೋಟು ಹೆಗಲಿಗೆ ಹಾಕಿಕೊಂಡು ಬೇಲಿ ದಾಟಿ ಇರ್ಮಾಳ ಪಕ್ಕ ಕೂತ. ಕೊಟ್ಟ ಮಾತಿಗಾಗಿ ಕೆಲಸ ಕಳೆದುಕೊಂಡವನೆಂದು, ರೇಡಿಯೋದಲ್ಲಿ ಸುದ್ದಿ ಕೇಳಿದ್ದ ಸುತ್ತಲಿನವರು ಜಾಗ ಮಾಡಿಕೊಟ್ಟರು. ಇರ್ಮಾ ಶಾಲಿನ ಅರ್ಧವನ್ನು ಅವನ ಮೊಣಕಾಲಿಗೆ ಹೊದಿಸಿ, ಪಾಪ ಮಗನೇ ಎಂದಳು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಸ್ವಲ್ಪ ಬೆಚ್ಚಗೆನಿಸಿತು.

ಕೊನೆಯ ಶಿಳ್ಳೆ ಕೇಳಿತು. ಬೇರೆ ಗೋಲು ಬರಲಿಲ್ಲ, ಲುಂಗಾರಾ ಗೆದ್ದಿತು. ಇರ್ಮಾ ಎದ್ದಳು, ತನ್ನ ಶಾಲು ತೆಗೆದುಕೊಂಡಳು, ಈಗ ಸೋತ ಊರಿನವಳಾಗಿ ಅವನತ್ತ ನೋಡದೆ ಮಂಜಿನೊಳಗೆ ಹೋದಳು. ಅಮಿಲ್ಕಾರೆ ಮಾತ್ರ ನಿಂತು, ಮೊಮ್ಮಗನ ಹೆಸರು ಬದಲಿಸುತ್ತೇವೆ ಎಂದು ತಿಳಿಸಿಹೋದ.

ಖಾಲಿ ಕಲ್ಲುಬೆಂಚಿನ ಮೇಲೆ ಅವನೊಬ್ಬನೇ ಉಳಿದಾಗ ಫೋನ್ ಬಂತು. ಗವಾಸ್ಸಿಯ ದನಿಯಲ್ಲಿ ಹಬ್ಬವಿತ್ತು.

"ನಾಳೆ ಬೆಳಿಗ್ಗೆ ಹುಡುಗ್ರನ್ನ ಓಡ್ಸೋಕೆ ಬಂದ್ಬಿಡು ನೇವಿಯೊ."

ಗವಾಸ್ಸಿಗೆ ತನ್ನ ತಪ್ಪು ತಿಳಿಯಿತಲ್ಲ ಎಂದುಕೊಂಡ ನೇವಿಯೊ. ತೆಗೆದಿದ್ದಿರಲ್ಲ ಎಂದ, ಮೆಲ್ಲಗೆ.

"ತೆಗೆದದ್ದಕ್ಕೇ ಗೆದ್ದಿದ್ದು."

"ಗೋಲು ಬಂದದ್ದು ಅದಕ್ಕಿಂತ ಮೊದಲು, ಅಧ್ಯಕ್ಷರೇ."

"ಆ ಮಂಜಲ್ಲಿ ಮೊದಲೋ ಆಮೇಲೋ ಯಾರಪ್ಪ ನೋಡಿದ್ರು? ನಾನು ಫೋನ್ ಇಟ್ಟೆ, ಗೆದ್ವಿ. ದೇವರು ತೋರ್ಸಿದ ದಾರಿ ಬಿಡಬಾರ್ದು. ಮುಂದಿನ ಭಾನುವಾರವೂ ಅರ್ಧ ಆಟಕ್ಕೆ ತೆಗೀಬೇಕು. ನೀನೇ ಇಲ್ಲದಿದ್ರೆ ಯಾರನ್ನ ತೆಗೀಲಿ?"

ನೇವಿಯೊ ಎದ್ದು ಕೋಟಿನ ಗುಂಡಿ ಹಾಕಿಕೊಂಡ. ಆಮೇಲೆ, ಹಾಗೆ ತೆಗೆದ ಮೇಲೂ ಸೋತರೆ ಏನು ಗತಿ ಎಂದು ಕೇಳಿದ.

"ಸೋತ್ರೆ," ಎಂದ ಗವಾಸ್ಸಿ, "ನಿಜವಾಗ್ಲೂ ತೆಗೀತೀನಿ."