ಚೀಲದೊಳಗಿನ ಕಳ್ಳ

ಜನವರಿಯ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ ಐದು ನಿಮಿಷ ಬಾಕಿ. ಕೊಡಗು ಬೇರೆ ರಾಜ್ಯವಾಗಿದ್ದು, ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ, ನಮ್ಮದೇ ಮುಖ್ಯಮಂತ್ರಿ ಇದ್ದ ಕಾಲ. ಸ್ಥಳ: ಪಾಲಿಬೆಟ್ಟದ ಬಳಿಯ ಕಾಫಿ ತೋಟವೊಂದರ ಹಳೆಯ ಗೋದಾಮು. ಹಾಜರಿದ್ದವರು: ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ ಮಕ್ಕಳು, ಅರುವತ್ತಕ್ಕೆ ಕಡಿಮೆ ಇಲ್ಲ, ಇದ್ದ ಒಂದೇ ಕುರ್ಚಿಯಲ್ಲಿ ತೋಟದ ಸಾಹುಕಾರರು, ಬಾಗಿಲ ಬಳಿ ನನ್ನ ಹೆಂಡತಿ ಕಾವೇರಮ್ಮ, ಟಾರ್ಪಾಲಿನ ಪರದೆಯ ಹಿಂದೆ ನಾನು ಮತ್ತು ಚಾತು.

ಆ ತೋಟದಲ್ಲಿ ಇಪ್ಪತ್ತೆಂಟು ವರ್ಷ ರೈಟರ್ ಆಗಿದ್ದವನು ನಾನು. ಬೆಳಗ್ಗೆ ಆರಕ್ಕೆ ಹಾಜರಿ ಕರೆಯುವುದು, ಬಾರದವರನ್ನು ಆರೂವರೆಗೆ ಲೈನಿಗೆ ಹೋಗಿ ಹುಡುಕುವುದು, ಇದು ನನ್ನ ಕೆಲಸ. ನಿವೃತ್ತನಾದ ಮೇಲೆ ಹಾಜರಿ ಕರೆಯಲು ಉಳಿದದ್ದು ಹೆಂಡತಿ ಮತ್ತು ಒಂಬತ್ತು ಕೋಳಿ. ಕೋಳಿಗಳು ಬರುತ್ತಿದ್ದವು.

ಹೀಗೇ ಕುಳಿತರೆ ತುಕ್ಕು ಹಿಡಿದೇನೆಂದು ಸಾಹುಕಾರರ ಬಳಿ ಹೋದೆ. ಪ್ರತಿ ಭಾನುವಾರ ಲೈನಿನ ಮಕ್ಕಳಿಗೆ ಬಾಲಸಭೆ ನಡೆಸುತ್ತೇನೆ, ಹಳೆಯ ಗೋದಾಮು ಕೊಡಿ ಎಂದೆ. ಅವರು ಮೀಸೆ ತಿರುವಿದರು.

“ಅದಕ್ಕೆ ಕರಿಮೆಣಸು ತುಂಬಬೇಕು ಅಂತ ಇದ್ದೇನೆ ರೈಟರೇ. ಒಂದು ನಾಟಕ ಮಾಡಿ ತೋರಿಸಿ. ಮಕ್ಕಳು ಖುಷಿಪಟ್ಟರೆ ಗೋದಾಮು ಮಕ್ಕಳಿಗೆ. ಇಲ್ಲದಿದ್ದರೆ ಮೆಣಸಿಗೆ.”

ಇದೆಂಥ ಮಹಾ ಕೆಲಸ! ಒಂದೇ ವಾರದಲ್ಲಿ ‘ಶಿಸ್ತಿನ ಜಯ’ ಎಂಬ ಮೂರಂಕದ ನಾಟಕ ಬರೆದೆ. ಕಳ್ಳನೊಬ್ಬ ಅರಮನೆಯ ಗಡಿಯಾರ ಕದ್ದು ಕಾಫಿ ಚೀಲದಲ್ಲಿ ಅಡಗುತ್ತಾನೆ. ಮಂತ್ರಿ ಬಂದು, “ಮಕ್ಕಳೇ, ಕಳ್ಳ ಎಲ್ಲಿ?” ಎಂದು ಸಭೆಯನ್ನೇ ಕೇಳುತ್ತಾನೆ. ಮಕ್ಕಳು ಚೀಲ ತೋರಿಸುತ್ತಾರೆ. ಕಳ್ಳ ಸೆರೆ. ನೀತಿಬೋಧೆ. ಮಂಗಳ. ಒಟ್ಟು ನಲವತ್ತು ನಿಮಿಷ.

ಮಂತ್ರಿ ನಾನೇ. ಕಳ್ಳನ ಪಾತ್ರಕ್ಕೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಆಳು ಚಾತುವನ್ನು ಆರಿಸಿದೆ. ನನ್ನ ಹಾಜರಿ ಪುಸ್ತಕದಲ್ಲಿ ಅವನಷ್ಟು ತಪ್ಪಿಸಿಕೊಂಡವನು ಮತ್ತೊಬ್ಬನಿಲ್ಲ. ಅಡಗುವ ಕಲೆಯನ್ನು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಅಭ್ಯಾಸ ನಮ್ಮ ಮನೆಯಂಗಳದಲ್ಲಿ. ಅರುವತ್ತು ಮಕ್ಕಳ ಪರವಾಗಿ ಕಾವೇರಮ್ಮ ಕೂರುತ್ತಿದ್ದಳು. ಪ್ರತಿದಿನ ತಪ್ಪದೆ ಚೀಲವನ್ನೇ ತೋರಿಸಿದಳು. ಆದರೂ ಒಂದು ದಿನ ನಮ್ಮ ಮನೆಮಾತು ಅರೆಭಾಷೆಯಲ್ಲಿ ಕೇಳಿದಳು: “ಅಲ್ಲ, ಈ ನಾಟಕಲಿ ನಗಿಕೆ ಎಂಥ ಉಟ್ಟು?”

“ಎರಡ್ನೇ ಅಂಕಲಿ ಉಟ್ಟು. ಎರಡ್ ನಿಮಿಷ,” ಎಂದೆ.

ಭಾನುವಾರ ಮೂರಕ್ಕೆ ಸರಿಯಾಗಿ ಪರದೆ ಸರಿಯಿತು. ಚಾತು ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಅರಮನೆಯ ಗಡಿಯಾರವಾಗಿದ್ದ ನನ್ನ ಟೈಂಪೀಸ್ ಎತ್ತಿಕೊಂಡ. ಮಕ್ಕಳು ನಕ್ಕದ್ದೇ ನಕ್ಕದ್ದು. ಎರಡನೇ ಅಂಕಕ್ಕೆ ನಿಗದಿಯಾಗಿದ್ದ ಎರಡು ನಿಮಿಷವನ್ನು ಇಲ್ಲೇ ಮೀರಿ ನಕ್ಕರು! ಅವನು ಚೀಲಕ್ಕೆ ಇಳಿದ. ಹೊರಗೆ ಉಳಿದದ್ದು ಎರಡು ಪಾದ ಮಾತ್ರ. ನಾನು ಹೆಂಡತಿಯ ರೇಷ್ಮೆ ಸೀರೆಯನ್ನು ಉತ್ತರೀಯ ಮಾಡಿ ಹೊದ್ದು, ಪೇಟ ಸುತ್ತಿ ರಂಗಕ್ಕೆ ಬಂದು ಗುಡುಗಿದೆ.

“ಮಕ್ಕಳೇ! ಕಳ್ಳ ಎಲ್ಲಿ?”

ನಗು ನಿಂತಿತು. ಮುಂದಿನ ಸಾಲಿನಲ್ಲಿದ್ದ ಸೆಲ್ವಿ ಎಂಬ ಪುಟ್ಟ ಹುಡುಗಿ ಎದ್ದು ಕೈಕಟ್ಟಿದಳು.

“ಜ್ವರ ಸಾರ್.”

“ಯಾರಿಗೆ?”

“ಕಳ್ಳನಿಗೆ.”

“ಗೊತ್ತಿಲ್ಲ ಸಾರ್,” ಎಂದ ಇನ್ನೊಬ್ಬ. “ತೆರಿಯಾದು ಸಾರ್.” “ಅರಿಯಿಲ್ಲ ಸಾರ್.” ಮೂರು ಭಾಷೆಯಲ್ಲಿ ಒಂದೇ ಸುಳ್ಳು!

“ಅವನ ಅಜ್ಜಿ ತೀರಿಹೋಯ್ತು ಸಾರ್, ಊರಿಗೆ ಹೋದ.”

ನನ್ನ ಪಿತ್ತ ನೆತ್ತಿಗೇರಿತು. “ಆ ಅಜ್ಜಿ ನನ್ನ ಸರ್ವಿಸಿನಲ್ಲೇ ನಾಲ್ಕು ಸಲ ಸತ್ತಿದ್ದಾಳೆ!”

ಅಷ್ಟರಲ್ಲಿ ಚೀಲ ಸೀನಿತು.

“ಚೀಲದಲ್ಲಿ ಏನಿದೆ?”

“ಕಾಫಿ ಸಾರ್.”

“ಕಾಫಿಗೆ ಕಾಲುಂಟೋ?”

“ರೋಬಸ್ಟಾ ಜಾತಿ ಸಾರ್.”

“ಕಾಫಿ ಸೀನುತ್ತದೋ?”

“ಸರಿಯಾಗಿ ಒಣಗಲಿಲ್ಲ ಸಾರ್. ಶೀತ ಆಗಿದೆ.”

ಸಾಹುಕಾರರು ಕರವಸ್ತ್ರ ಬಾಯಿಗೆ ತುರುಕಿಕೊಂಡರು. ಚೀಲದೊಳಗಿಂದ ಪಿಸುಮಾತು ಬಂತು: “ಸಾರೇ, ಉಸಿರು ಕಟ್ತಾ ಉಂಟು. ನಾನು ಬರ್ಲಾ?”

“ಬಾಯಿ ಮುಚ್ಚು! ಅವರು ತೋರಿಸುವ ತನಕ ನೀನು ಸಿಕ್ಕುವ ಹಾಗಿಲ್ಲ!”

ಈಗ ಬರೆಯುವಾಗಲೂ ಸಿಟ್ಟು ಬರುತ್ತದೆ. ಇಪ್ಪತ್ತೆಂಟು ವರ್ಷ ಪ್ರತಿದಿನ ಬೆಳಗ್ಗೆ ಆ ಲೈನಿನ ಬಾಗಿಲುಗಳಲ್ಲಿ ನಿಂತು “ಎಲ್ಲಿ ಅವನು?” ಎಂದು ಇದೇ ಗಂಟಲಿನಲ್ಲಿ ಕೇಳಿದ್ದೆ. ಹಾಗೆ ಕೇಳಿದವನಿಗೆ ಏನು ಹೇಳಬೇಕೆಂದು ಆ ಮಕ್ಕಳು ಹಾಲು ಬಿಡುವ ಮೊದಲೇ ಕಲಿತಿದ್ದರು. ಕಲಿಸಿದ ಗುರು ನಾನೇ. ಒಂದು ದಿನವೂ ರಜೆ ಹಾಕದೆ ಕಲಿಸಿದ್ದೆ!

ಆ ಜ್ಞಾನೋದಯ ಆಗ ಆಗಲಿಲ್ಲ. ಆಗ ಮಾಡಿದ್ದೇನೆಂದರೆ, ಮಂತ್ರಿಯ ಉತ್ತರೀಯದೊಳಗೆ ಕೈಹಾಕಿ ಜೇಬಿನಿಂದ ಹಳೆಯ ಹಾಜರಿ ಪುಸ್ತಕ, ಪೆನ್ಸಿಲ್ ತೆಗೆದು ಸೆಲ್ವಿಯ ಕಡೆ ತಿರುಗಿದೆ.

“ನಿನ್ನ ಹೆಸರೇನು? ಯಾವ ಲೈನು?”

“ಮರೆತುಹೋಯ್ತು ಸಾರ್.”

“ನಾಳೆ ಎಲ್ಲರಿಗೂ ಅರ್ಧ ಹಾಜರಿ, ಅರ್ಧ ಕೂಲಿ!”

ಆ ಮಾತು ಕೆಲಸ ಮಾಡಿತು. ಮಕ್ಕಳು ಒಟ್ಟಾಗಿ ಎದ್ದರು. ರಂಗಕ್ಕೆ ನುಗ್ಗಿ, ನಾಲ್ಕು ಕಡೆಯಿಂದ ಚೀಲ ಹಿಡಿದು, ಹಿಂಬಾಗಿಲಿನಿಂದ ಕಾಫಿ ಒಣಗಿಸುವ ಕಣಕ್ಕೆ ದರದರನೆ ಎಳೆದೊಯ್ದರು. ಅಡ್ಡ ನಿಂತ ಮಂತ್ರಿ ಸೀರೆ ತೊಡರಿ ಮಗುಚಿ ಬಿದ್ದ. ಹೊರಗೆ ಜಯಘೋಷ. ಕಳ್ಳ ಚೀಲದಿಂದೆದ್ದು ಮಕ್ಕಳನ್ನು ಹೆಗಲಿಗೇರಿಸಿ ಕುಣಿಯುತ್ತಿದ್ದ, ನನ್ನ ಟೈಂಪೀಸ್ ಸಮೇತ. ನಾಟಕ ಮುಗಿದಾಗ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಹತ್ತೊಂಬತ್ತು ನಿಮಿಷದ ನೀತಿಬೋಧೆ ನನ್ನ ಹೊಟ್ಟೆಯಲ್ಲೇ ಉಳಿಯಿತು.

ಸಾಹುಕಾರರು ಕಣ್ಣೊರೆಸಿಕೊಂಡು ಬಂದರು. “ರೈಟರೇ, ಇಷ್ಟು ಖುಷಿಯಲ್ಲಿ ಈ ಮಕ್ಕಳನ್ನು ನಾನು ನೋಡಿಯೇ ಇರಲಿಲ್ಲ. ಗೋದಾಮು ಬಾಲಸಭೆಗೇ. ಚಾತು ನಡೆಸಲಿ.”

“ಚಾತು? ಮತ್ತೆ ನಾನು?”

“ಬೀಗದ ಕೈ ನಿಮ್ಮಲ್ಲಿ ಇರಲಿ. ಟೈಮಿಗೆ ಸರಿಯಾಗಿ ಬಾಗಿಲು ತೆಗೆಯುವವರು ಬೇಕಲ್ಲ?”

ಬೀಗದ ಕೈ ಜೇಬಿಗೆ ಇಳಿಸಿದೆ. ಕಾವೇರಮ್ಮ ಹರಿದ ಸೀರೆಯನ್ನು ಎತ್ತಿ ಹಿಡಿದು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅದು ಇನ್ನೂ ಅಪಾಯ! ಟಾರ್ಪಾಲು ಮಡಚಿದೆ. ನೆಲ ಗುಡಿಸಿದೆ. ಕುರ್ಚಿಯನ್ನು ಬಂಗಲೆಗೆ ಕಳಿಸಿದೆ. ಬಾಗಿಲು ಎಳೆಯುವಾಗ ಸೆಲ್ವಿ ಓಡಿಬಂದಳು. ಕ್ಷಮೆ ಕೇಳಲು ಬಂದಿರಬೇಕೆಂದು ಮುಖವನ್ನು ಸ್ವಲ್ಪ ಸಡಿಲಿಸಿದೆ.

“ಸಾರ್, ಮುಂದಿನ ವಾರವೂ ನೀವೇ ರೈಟರ್ ಪಾರ್ಟು ಮಾಡ್ತೀರಾ? ಎಷ್ಟು ಚೆನ್ನಾಗಿ ಬೈತೀರಿ!”

“ನಾನು ಮಾಡಿದ್ದು ಮಂತ್ರಿಯ ಪಾತ್ರ!” ಎಂದು ಕಿರುಚಿದೆ.

ಅವಳು ಕೈಕಟ್ಟಿ ನಿಂತಳು. “ಗೊತ್ತಾಗಲಿಲ್ಲ ಸಾರ್.”

ಆ ದಿನ ಅವಳು ನನಗೆ ಹೇಳಿದ ನಿಜ ಅದೊಂದೇ. ಐದು ಗಂಟೆ ಹತ್ತು ನಿಮಿಷಕ್ಕೆ ಬೀಗ ಹಾಕಿದೆ.