ಶಿವಪುತ್ರನ ಏಕಗೋಲ ದಿಗ್ವಿಜಯ

ಹೇ ಚರ್ಮಾಂಬರೆ, ಹೇ ವಾಯುಗರ್ಭೆ, ಹೇ ಪಾದತಾಡನೈಕಪ್ರಿಯೆ! ಇಪ್ಪತ್ತೆರಡು ಜನ ಬೆನ್ನು ಹತ್ತಿದರೂ ಒಬ್ಬನಿಗೂ ಒಲಿಯದ ಚಂಚಲೆಯೇ, ಪಂಪಿನ ಗಾಳಿಗೆ ಉಬ್ಬಿ ಜಾಲಿಮುಳ್ಳಿಗೆ ಕುಗ್ಗುವ ಓ ಕಾಲ್ಚೆಂಡೇ, ನಿನಗೆ ಶರಣು! ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ಧಾರವಾಡ ಸೀಮೆಯ ಕರಿಮಣ್ಣಿನ ನಡುವೆ ನಿಂತ ಒಂದು ಕಲಾ ಮತ್ತು ವಾಣಿಜ್ಯ ಮಹಾವಿದ್ಯಾಲಯದಲ್ಲಿ (ಹೆಸರು ಹೇಳಿದರೆ ಪ್ರಿನ್ಸಿಪಾಲರು ಮುನಿಸಿಕೊಳ್ಳುತ್ತಾರೆ), ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿಯೂ, ಫುಟ್ಬಾಲ್ ಪಡೆಯ ದಂಡನಾಯಕನೂ, ಸ್ತಂಭೋಪಮಜಂಘನೂ, ಶೇಂಗಾಚಟ್ನಿಲೋಲುಪನೂ ಆದ ಕಡಕೋಳದ ಶಿವಪುತ್ರನು ಗೋಲೆಂಬ ದುರ್ಲಭ ವಸ್ತುವನ್ನು ಹೇಗೆ ಸಾಧಿಸಿದನೆಂದು ಹೇಳಹೊರಟ ಈ ನಾಲಿಗೆಗೆ ಬಲ ಕೊಡು.

ಆ ಪಡೆ ಹೇಡಿಗಳ ಪಡೆಯಲ್ಲ. ಚೆಂಡು ನಡುಮೈದಾನ ದಾಟುವವರೆಗೆ ಅವರು ಸಿಂಹಗಳು, ಶರಭಗಳು, ಪ್ರಳಯಕಾಲದ ಮಾರುತಗಳು. ಆದರೆ ಎದುರಾಳಿಯ ಗೋಲುಗಂಬ ಕಣ್ಣಿಗೆ ಬಿದ್ದದ್ದೇ ತಡ, ಮದುವೆ ಮನೆಗೆ ಕರೆಯದೆ ಬಂದವರ ಹಾಗೆ ಎಲ್ಲರೂ ಹಿಂಜರಿದು ನಿಂತುಬಿಡುತ್ತಿದ್ದರು. ಆ ವರ್ಷ ಆಡಿದ ಪಂದ್ಯಗಳಲ್ಲಿ ಒಂದರಲ್ಲೂ ಗೋಲಿಲ್ಲ. ಇವರ ಮೇಲೆ ಆಡುವ ದಿನ ಎದುರಾಳಿಗಳ ಗೋಲು ಕಾಯುವ ಗೋಲಿ ಕಬ್ಬಿನ ಜಲ್ಲೆ ತಂದು, ಕಂಬಕ್ಕೆ ಒರಗಿ, ಸಾವಕಾಶವಾಗಿ ಸಿಗಿಯುತ್ತಿದ್ದ.

ಕಡೆಗೆ ಪ್ರಿನ್ಸಿಪಾಲರ ಸಹನೆಯ ಕಟ್ಟೆ ಒಡೆಯಿತು. ಉಳಿದಿದ್ದ ಒಂದು ಪಂದ್ಯದಲ್ಲೂ ಗೋಲು ಬೀಳದಿದ್ದರೆ ತಂಡವನ್ನೇ ಬರಖಾಸ್ತು ಮಾಡಿ, ಮೈದಾನದಲ್ಲಿ ವಿದ್ಯಾರ್ಥಿಗಳ ಬೈಕು ನಿಲ್ಲಿಸುವುದೆಂದು ಅಪ್ಪಣೆಯಾಯಿತು. ಈ ಮಾತು ಶಿವಪುತ್ರನ ಎದೆಗೆ ನಾಟಿತು. ತಾನು ಮೂರು ವರ್ಷ ಬೆವರು ಬಸಿದ ನೆಲದ ಮೇಲೆ ಇನ್ನೊಬ್ಬರ ಬೈಕು ಎಣ್ಣೆ ಬಸಿಯುವುದೆ? ಅದಕ್ಕಿಂತ ಒಳಗೆ ಇನ್ನೊಂದು ಸಂಕಟವಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೂರು ವರ್ಷಗಳಲ್ಲಿ ಅವನ ಸ್ವಂತ ಕಾಲಿನಿಂದ ಒಂದೇ ಒಂದು ಗೋಲು ಬಿದ್ದಿರಲಿಲ್ಲ. ಕಾಲೇಜು ಬಿಡುವ ಮುನ್ನ ಒಂದಾದರೂ ಬೀಳಲೆಂದು ಅವನ ಜೀವ ಹಂಬಲಿಸುತ್ತಿತ್ತು.

ಆಗ ದೈಹಿಕ ಶಿಕ್ಷಣದ ಆಚಾರ್ಯರೂ, ಸೀಟಿಧ್ವನಿಕಂಪಿತದಶದಿಶರೂ, ಸ್ವತಃ ಕಬಡ್ಡಿ ಆಡಿ ಬಂದವರೂ ಆದ ಹಿರೇಮಠ ಸರ್ ಯುದ್ಧಸಭೆ ಕರೆದರು. ಮೇಜಿನ ಮೇಲೆ ಹುರಿದ ಶೇಂಗಾ ಹರಡಿ, ಒಂದೊಂದು ಬೀಜವನ್ನೂ ಒಬ್ಬೊಬ್ಬ ವೀರನೆಂದು ಭಾವಿಸಿ, ಮಕರವ್ಯೂಹ, ಗರುಡವ್ಯೂಹಗಳನ್ನು ರಚಿಸಿದರು. "ನೋಡ್ರಿ, ಇವ ಹಿಂಗ ಹೋಗ್ತಾನ, ಅವ ಹಂಗ ಬರ್ತಾನ, ನಡುವ ಇವ ನುಗ್ಗತಾನ" ಎನ್ನುತ್ತ ವ್ಯೂಹದ ರಹಸ್ಯವನ್ನೆಲ್ಲ ಬಿಡಿಸಿದರು. ಆದರೆ ವಿವರಣೆಯ ಭರದಲ್ಲಿ ಕೈ ತನ್ನ ಪಾಡಿಗೆ ತಾನು ಬಾಯಿಗೆ ಹೋಗುತ್ತಿದ್ದುದರಿಂದ, ವ್ಯೂಹ ಮುಗಿಯುವಷ್ಟರಲ್ಲಿ ಮುಂಚೂಣಿಯ ಮೂವರೂ ಸರ್ ಅವರ ಹೊಟ್ಟೆ ಸೇರಿದ್ದರು. ಉಳಿದವರನ್ನು ದಂಡನಾಯಕ ತಿಂದ. ಸಭೆ ಬರಖಾಸ್ತಾಯಿತು.

ಮರುದಿನ ಗರುಡವ್ಯೂಹದಲ್ಲೇ ಅಭ್ಯಾಸ ನಡೆಯಿತು. ಗರುಡ ಹಾರಿತು, ಗೋಲಿನ ಮುಂದೆ ಬಂದಿತು, ರೆಕ್ಕೆ ಮಡಚಿ ಕುಳಿತಿತು. ಶಿವಪುತ್ರ ಎಲ್ಲರನ್ನೂ ಬಾಯಿಗೆ ಬಂದಂತೆ ಬೈದು, ಬೂಟು ಬಿಚ್ಚಿ ಒಬ್ಬನೇ ಹುಣಸೆ ಮರದ ಕೆಳಗೆ ಬಹಳ ಹೊತ್ತು ಕುಳಿತ. ಹಸಿವು ತಡೆಯದಾದಾಗ ಎದ್ದು ಹಾಸ್ಟೆಲ್ಲಿನ ಊಟದ ಮನೆಗೆ ನಡೆದ.

ಅಲ್ಲಿ ಕಂಡದ್ದೇನು! ಅವನ ಪಡೆಯೆಲ್ಲ ಸಾಲಾಗಿ ಕುಳಿತಿತ್ತು. ಎಲ್ಲರ ಗಂಗಾಳದಲ್ಲಿ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ. ರೊಟ್ಟಿ ಆರಿ ಸೆಟೆದು ನಿಂತಿದೆ, ಎಣ್ಣೆಗಾಯಿ ಕೆನೆಗಟ್ಟಿದೆ, ಯಾರೂ ತುತ್ತು ಎತ್ತಿಲ್ಲ. ಮೊದಲ ವರ್ಷದ ದಾವಲ ನದಾಫ, ಪವನವೇಗಿ, ಮೊಲವನ್ನೂ ನಾಚಿಸುವ ಮುಂಚೂಣಿ ಆಟಗಾರ, ಝುಣಕವನ್ನೇ ದಿಟ್ಟಿಸುತ್ತ ಉಗುಳು ನುಂಗುತ್ತಿದ್ದ.

"ಯಾಕ್ರೋ, ಉಪಾಸ ಹಿಡಿದೀರೇನು?" ಎಂದ ಶಿವಪುತ್ರ.

"ಹಂಗಲ್ರಿ ಅಣ್ಣಾರ," ಎಂದ ದಾವಲ. "ನೀವು ಕೈ ಹಚ್ಚದಽ ನಾವು ಹೆಂಗ ಹಚ್ಚೂಣ್ರಿ?"

ಅದು ಆ ಹಾಸ್ಟೆಲ್ಲಿನ ಸನಾತನ ಧರ್ಮ. ಹಿರಿಯ ಮೊದಲ ತುತ್ತು ಎತ್ತದೆ ಕಿರಿಯ ಎತ್ತುವಂತಿಲ್ಲ. ಯಾರು ಶುರು ಮಾಡಿದರೋ ಗೊತ್ತಿಲ್ಲ; ಶಿವಪುತ್ರನೂ ಮೊದಲ ವರ್ಷ ಹೀಗೆಯೇ ಹಸಿದು ಕುಳಿತಿದ್ದ. ಅವನು ರೊಟ್ಟಿ ಮುರಿಯಲು ಕೈ ಚಾಚಿದ. ಕೈ ಅಲ್ಲೇ ನಿಂತಿತು. ಕಳೆದ ಪಂದ್ಯ ಕಣ್ಣ ಮುಂದೆ ಬಂತು: ಗೋಲಿನ ಬಾಯಿ ತೆರೆದಿದೆ, ಗೋಲಿ ಎಲ್ಲೋ ಬಿದ್ದಿದ್ದಾನೆ, ದಾವಲನ ಕಾಲಲ್ಲಿ ಚೆಂಡು, ಆದರೂ ಅವನು ನಿಂತು ಹಿಂದೆ ತಿರುಗಿ ನೋಡುತ್ತಿದ್ದಾನೆ.

"ಲೇ ದಾವಲ, ಆವತ್ತು ಗೋಲಿನ ಮುಂದ ಯಾಕ ನಿಂತಿದ್ದಿ?"

"ನೀವು ಇನ್ನಾ ಹಿಂದ ಬರಾಕತ್ತಿದ್ರಿ. ನಾ ಮೊದಲ ಹೊಡದ್ರ ಚಲೋ ಕಾಣತೈತೇನ್ರಿ?"

"ಮತ್ತ ಎರಡನೇ ವರ್ಷದವರು?"

"ಅವರಿಗೂ ಕೊಟ್ಟೆ ನಾ. ಅವರು, ಏ ನೀನಽ ಹೊಡಿ ಅಂದ್ರು. ಛೇ ಛೇ, ನೀವು ಹೊಡೀರಿ ಅಂದೆ. ಅಷ್ಟ್ರಾಗ ಎದುರಿನವರು ಬಂದು ಚೆಂಡು ತಗೊಂಡು ಹೋದ್ರು."

ಶಿವಪುತ್ರನ ತಲೆಯ ಮೇಲೆ ಆಕಾಶವೇ ಕಳಚಿ ಬಿದ್ದಿತು. ವರ್ಷವಿಡೀ ತಾನು ಹುಡುಕಿದ ಶತ್ರು ತನ್ನದೇ ಅಂಗಿ ತೊಟ್ಟಿದ್ದ. ಈ ಮರ್ಯಾದೆಯ ಮಕ್ಕಳು ಗೋಲಿನ ಮೊದಲ ತುತ್ತನ್ನು ಅವನಿಗೆಂದು ಎತ್ತಿಟ್ಟಿದ್ದರು. ಅವನೋ, ದೇವರು ಕೊಟ್ಟ ಆ ಕಂಬಗಾಲುಗಳನ್ನು ಎಳೆದುಕೊಂಡು, ಹೊತ್ತಿಗೆ ಸರಿಯಾಗಿ ಒಮ್ಮೆಯೂ ಅಲ್ಲಿಗೆ ತಲುಪಿರಲಿಲ್ಲ. ಬೈದದ್ದೆಲ್ಲ ನೆನಪಾಗಿ ಅವನಿಗೆ ನಾಚಿಕೆಯಾಯಿತು, ಹುಡುಗರ ಮೇಲೆ ಅಕ್ಕರೆಯೂ ಉಕ್ಕಿತು.

"ಇನ್ನ ಮ್ಯಾಲೆ ನನ್ನ ದಾರಿ ಕಾಯಬ್ಯಾಡ್ರಿ" ಎಂದ.

"ಆತ್ರಿ ಅಣ್ಣಾರ" ಎಂದರು ಎಲ್ಲರೂ, ಮತ್ತು ಅವನು ಮೊದಲ ತುತ್ತು ಎತ್ತುವುದನ್ನೇ ಕಾಯುತ್ತ ಕುಳಿತರು.

ಅನುನಯದಿಂದ ಆಗದ ಕಾರ್ಯವನ್ನು ಅಧಿಕಾರದಿಂದ ಮಾಡಬೇಕೆಂದು ಅವನಿಗೆ ಹೊಳೆಯಿತು. ಎದ್ದು ನಿಂತು, ಗಂಗಾಳವನ್ನು ಭೇರಿಯಂತೆ ಬಡಿದು, ಗುಡುಗಿದ: "ಹಿರಿಯರ ಮಾತು ಮೀರಬಾರದು, ಹೌದಿಲ್ಲೋ? ಹಂಗಾರ ಕೇಳ್ರಿ, ಹಿರಿಯ ಹೇಳಾಕತ್ತಾನ. ಹಿರಿಯರ ದಾರಿ ಯಾರೂ ಕಾಯಾಂಗಿಲ್ಲ! ಮುಂದ ಬಂದದ್ದನ್ನ ಯಾರ ಮುಖಾನೂ ನೋಡದಽ ಮುಗಿಸಬೇಕು. ಮುಗಿಸಿದ ಮ್ಯಾಲೆ ಬೇಕಾದ್ರ ಬಂದು ತಪ್ಪಾತು ಅನ್ರಿ." ಈ ಶಾಸನ ಹೊರಟಾಗ ಬಡಿಸುತ್ತಿದ್ದ ನೀಲವ್ವ, "ನಿಂದೇನ ಗದ್ದಲೋ ಯಪ್ಪಾ, ಗಂಗಾಳ ತೆಗ್ಗ ಬಿದ್ದಾವು" ಎಂದಳು.

ಯುದ್ಧದ ದಿನ ಉದಯಿಸಿತು. ಎದುರಿಗೆ ಪಕ್ಕದ ಪಟ್ಟಣದ ಪಾಲಿಟೆಕ್ನಿಕ್ ಸೇನೆ. ಅದರ ಗೋಲು ಕಾಯಲು ಕಪಾಟವಕ್ಷನೂ ಇಕ್ಷುದಂಡಪಾಣಿಯೂ ಆದ ಕಲ್ಲನಗೌಡ. ಅವನು ಕಂಬಗಳ ನಡುವೆ ನಿಂತು, ಕಬ್ಬನ್ನು ಗದೆಯಂತೆ ಹೆಗಲಿಗೇರಿಸಿ ಅಬ್ಬರಿಸಿದನು: "ಎಲೆ ಅಲ್ಪಾಯುವೇ, ಈ ದ್ವಾರವನ್ನು ಇಂದ್ರನ ಐರಾವತವೂ ಹೊಗಲಾರದು, ನಿನ್ನ ಬಡಪಡೆಯ ಪಾಡೇನು?" ಕಾವ್ಯಧರ್ಮಕ್ಕೆ ಹೀಗೆ ಹೇಳಬೇಕು. ಅವನು ನಿಜವಾಗಿ ಆಡಿದ್ದು ಇಷ್ಟೇ: "ಏ ಕ್ಯಾಪ್ಟನ್ನ, ಹ್ವಾದ ಸಲ ಕೂತಽ ಆಡಿದ್ನಿ. ಈ ಸಲ ಹೊದ್ದು ಮಲಗಾಕ ಕೌದಿ ತಂದೇನಿ."

"ಕೌದಿ ಹೊತ್ಕೊಂಡು ಅಳಾಕ ಬೇಕಾಗತೈತಿ, ಇರಲಿ" ಎಂದ ಶಿವಪುತ್ರ. ಎರಡೂ ಕಡೆ ಶಂಖನಾದದಂತೆ ಸೀಟಿ ಮೊಳಗಿತು.

ಏನು ಹೇಳಲಿ ಆ ಸಮರವನ್ನು! ಕರಿಧೂಳು ಎದ್ದು ಸೂರ್ಯಮಂಡಲವನ್ನು ಮುಸುಕಿತು. ಮೊಣಕಾಲುಗಳು ಮೊಣಕಾಲುಗಳೊಡನೆ ಘಟ್ಟಿಸಿದವು. ಬೂಟೊಂದು ಕಳಚಿ ಉಲ್ಕೆಯಂತೆ ಹಾರಿ ಹಿರೇಮಠ ಸರ್ ಅವರ ಚಹಾದ ಕಪ್ಪಿನ ಪಕ್ಕ ಬಿದ್ದಿತು. ಪಾಲಿಟೆಕ್ನಿಕ್ಕಿನವರು ಗೋಲಿನ ಮೇಲೆ ಗೋಲು ಹೊಡೆದರು. ಅದನ್ನು ವರ್ಣಿಸುವುದು ನಮ್ಮ ಕಾವ್ಯದ ಉದ್ದೇಶವಲ್ಲ. ಆಟ ಮುಗಿಯಲು ಬಂತು. ಪ್ರಿನ್ಸಿಪಾಲರು ಕುರ್ಚಿಯಿಂದ ಎದ್ದು, ಬೈಕುಗಳನ್ನು ಯಾವ ಕಡೆಯಿಂದ ಒಳಗೆ ಬಿಡಬಹುದೆಂದು ಕಣ್ಣಳತೆ ಮಾಡತೊಡಗಿದರು.

ಆಗ ಚೆಂಡು ದಾವಲನ ಕಾಲಿಗೆ ಬಂತು. ಅವನು ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಕಬ್ಬು ಬಿಸಾಡಿ ಮುನ್ನುಗ್ಗಿದ ಕಲ್ಲನಗೌಡ ತನ್ನದೇ ಕಬ್ಬಿನ ಸಿಪ್ಪೆಯ ಮೇಲೆ ಜಾರಿ ಧೊಪ್ಪೆಂದು ಬಿದ್ದ. ಗೋಲಿನ ಬಾಯಿ ತೆರೆದಿತ್ತು. ಜನ್ಮಕ್ಕಂಟಿದ ಮರ್ಯಾದೆ ಎಲ್ಲಿಗೆ ಹೋದೀತು? ದಾವಲ ನಿಂತ, ತಿರುಗಿ ನೋಡಿದ.

ಅಚ್ಚರಿಯೆಂದರೆ, ಆ ದಿನ ಶಿವಪುತ್ರ ಅಲ್ಲೇ ಇದ್ದ. ಕಂಬಗಾಲುಗಳು ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಹೊತ್ತಿಗೆ ಸರಿಯಾಗಿ ತಲುಪಿದ್ದವು. ದಾವಲ ಚೆಂಡನ್ನು ಮೆಲ್ಲನೆ ಈಚೆ ತಳ್ಳಿದರೆ ಸಾಕಿತ್ತು. ಕನಸಿನ ಗೋಲು ಕೈಗೆಟುಕುವಷ್ಟು ದೂರದಲ್ಲಿತ್ತು. ಅವನ ಬಾಯಲ್ಲಿ ನೀರೂರಿತು. ಆದರೆ ಈ ಚೆಂಡನ್ನು ತಾನು ತೆಗೆದುಕೊಂಡರೆ, ನಾಳೆ ತಾನು ಹೋದ ಮೇಲೂ ಈ ಹುಡುಗರು ಹೀಗೆಯೇ ತಿರುಗಿ ತಿರುಗಿ ನೋಡುತ್ತಾರೆ. ಅವನು ಆಸೆಯನ್ನು ನುಂಗಿ, ದಿಕ್ಕುಗಳು ಬಿರಿಯುವಂತೆ ಕೂಗಿದ:

"ನನ್ನ ಮುಖಾ ಏನ್ ನೋಡ್ತೀಲೇ, ಹೊಡಿ!"

ದಾವಲ ಕಣ್ಣು ಮುಚ್ಚಿ ಹೊಡೆದ. ಚೆಂಡು ಕಂಬಕ್ಕೆ ಬಡಿದು, ಕಲ್ಲನಗೌಡನ ಬೆನ್ನಿಗೆ ಬಡಿದು, ಮುಪ್ಪಿನ ಎಮ್ಮೆ ಕೊಟ್ಟಿಗೆಗೆ ಹೋಗುವ ಹಾಗೆ ಉರುಳಿ ಉರುಳಿ ಗೆರೆ ದಾಟಿತು. ದೇವದುಂದುಭಿ ಮೊಳಗಿತು, ಎಂದರೆ ಯಾರೋ ಬೈಕಿನ ಹಾರ್ನು ಒತ್ತಿದರು. ದಾವಲ ಓಡಿ ಬಂದು ಕೈ ಮುಗಿದು, "ತಪ್ಪಾತ್ರಿ ಅಣ್ಣಾರ" ಎಂದು ಅಳತೊಡಗಿದ. ಶಿವಪುತ್ರ ಅವನನ್ನು ಅಪ್ಪಿಕೊಂಡು ತಾನೂ ಅತ್ತ. ಪಂದ್ಯವನ್ನು ಆರು-ಒಂದರಿಂದ ಸೋತರು. ಆದರೆ ಮೈದಾನ ಉಳಿಯಿತು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಮತ್ತೆ ಕುಳಿತರು.

ಸಂಜೆ ವಿಜಯೋತ್ಸವಕ್ಕೆಂದು ನೀಲವ್ವ ಹೂರಣದ ಹೋಳಿಗೆ ಮಾಡಿದ್ದಳು. ದಂಡನಾಯಕ ಬಲೆ ಬಿಚ್ಚಿ, ಅಂಗಿಗಳನ್ನು ಎಣಿಸಿ ಕಟ್ಟಿಟ್ಟು, ಮಿಂದು, ತಲೆ ಬಾಚಿ, ತನಗಾಗಿ ಕಾದು ಕುಳಿತ ಪಡೆಯ ಮುಂದೆ ಮೊದಲ ತುತ್ತು ಎತ್ತುವ ಗಾಂಭೀರ್ಯದಿಂದ ಊಟದ ಮನೆ ಪ್ರವೇಶಿಸಿದನು. ಪಡೆ ಆಗಲೇ ಕೈ ತೊಳೆಯುತ್ತಿತ್ತು. ಹೋಳಿಗೆಯ ಬುಟ್ಟಿ ಬೋರಲು ಬಿದ್ದಿತ್ತು.

"ತಪ್ಪಾತ್ರಿ ಅಣ್ಣಾರ," ಎಂದ ದಾವಲ, ಗಲ್ಲಕ್ಕೆ ಹತ್ತಿದ ತುಪ್ಪ ಒರೆಸಿಕೊಳ್ಳುತ್ತ. "ಮುಂದ ಬಂದದ್ದನ್ನ ಮುಗಿಸಬೇಕು ಅಂತ ನೀವಽ ಹೇಳಿದ್ರಿ."

"ಮುಂಜಾನಿದು ಒಂದು ರೊಟ್ಟಿ ಐತಿ ನೋಡಪಾ," ಎಂದಳು ನೀಲವ್ವ.

ಸ್ತಂಭೋಪಮಜಂಘನೂ, ಏಕಗೋಲಕಾರಣನೂ ಆದ ಶಿವಪುತ್ರನು ಮೂಲೆಯಲ್ಲಿ ಕುಳಿತು, ಸೆಟೆದ ರೊಟ್ಟಿಯನ್ನು ಮುರಿದು, ಶೇಂಗಾಚಟ್ನಿ ಹಚ್ಚಿಕೊಂಡು, ಯಾರ ದಾರಿಯನ್ನೂ ಕಾಯದೆ ಉಂಡನು.