ಗಂಗಾಧರನ ಟೆಲಿಸ್ಕೋಪೂ ಕೆಂಚಪ್ಪನ ಬಾಂದುಕಲ್ಲೂ

ಈ ರಾಗಿ ಸುಗ್ಗಿ ಮುಗಿಯುವುದರೊಳಗೆ ಹಂದನಕೆರೆ ಸೀಮೆಗೆ ಆಕಾಶವನ್ನೇ ಇಳಿಸಿ ತೋರಿಸುತ್ತೇನೆಂದು ಹಾಲಿನ ಡೈರಿ ಸೆಕ್ರೆಟರಿ ಗಂಗಾಧರ ಶಪಥ ಮಾಡಿದ್ದು ಒಂದು ಸೋಮವಾರ ಮಧ್ಯಾಹ್ನ, ಮುದ್ದೆಯ ಮುಂದೆ ಕೂತು. ಹದಿನೆಂಟು ವರ್ಷ ಊರವರ ಹಾಲಿನಲ್ಲಿ ಕೊಬ್ಬೆಷ್ಟು, ನೀರೆಷ್ಟು ಎಂದು ಪತ್ತೆ ಹಚ್ಚಿದ ಕಣ್ಣು ಅದು! ಅಂಥ ಕಣ್ಣಿಗೆ ಇನ್ನು ನಕ್ಷತ್ರಗಳೇ ಸರಿ ಎಂದು ಅವನಿಗೆ ಖಾತ್ರಿಯಾಗಿತ್ತು.

"ಟೆಲಿಸ್ಕೋಪ್ ತರುಸ್ತೀನಿ ಕಣೇ," ಎಂದ.

"ಎಲ್ಲಿಡ್ತೀರಾ?" ಎಂದಳು ಹೆಂಡತಿ ವನಜಾಕ್ಷಿ.

ಏನದು, ಯಾಕದು ಎಂದೆಲ್ಲ ಕೇಳುವ ಅಭ್ಯಾಸ ಅವಳಿಗಿಲ್ಲ. ಹತ್ತು ವರ್ಷದ ಸಂಸಾರ ಅವಳನ್ನು ನೇರವಾಗಿ ಕೊನೆಯ ಪ್ರಶ್ನೆಗೇ ತಂದು ನಿಲ್ಲಿಸಿತ್ತು.

"ಇಡೋದೇನು ಬಂತು? ಹೆಗಲಿಗೆ ಹಾಕ್ಕಂಡು ಓಡಾಡುವಂಥದ್ದು!"

"ವ್ಯಾಯಾಮದ ಸೈಕಲ್ ತಂದಾಗ್ಲೂ ಮಡಚಿ ಮೂಲೆಗಿಡಬೋದು ಅಂದಿದ್ರಿ. ಈಗ ಅದ್ರ ಮೇಲೆ ಕಂಬಳಿ ಒಣಗ್ತಾ ಐತೆ."

ಗಂಗಾಧರ ಇಂಥ ಮಾತಿಗೆಲ್ಲ ಜಗ್ಗುವವನಲ್ಲ. ಒಂದು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧ ವಿಜ್ಞಾನಿಯಾದ. ಬೆಂಗಳೂರಿನ ಅಂಗಡಿಯವನೊಬ್ಬ ಫೋನಿನಲ್ಲಿ ಹಂಡೆಗಾತ್ರದ ಕನ್ನಡಿ ಟೆಲಿಸ್ಕೋಪನ್ನು ತಗುಲಿಸಲು ನೋಡಿದ.

"ಇದ್ರಲ್ಲಿ ಶನಿಗ್ರಹ ತೆಂಗಿನಕಾಯಿಯಷ್ಟು ದೊಡ್ಡದಾಗಿ ಕಾಣುತ್ತೆ ಸಾರ್!"

"ಒಂದು ಕಾಯಿ ನೋಡಕ್ಕೆ ನಾನ್ಯಾಕೆ ಹಂಡೆ ಹೊರ್ಲಿ? ನಂಗೆ ಇಡೀ ತೋಟ ಒಂದೇ ಸಲಕ್ಕೆ ಕಾಣ್ಬೇಕು!"

ಕೊನೆಗೆ ಬಂದದ್ದು ಲೆನ್ಸಿನ ಪುಟ್ಟ ಟೆಲಿಸ್ಕೋಪು. ಮುಂದೆ ಎಂಬತ್ತು ಮಿಲಿಮೀಟರ್ ಗಾಜು, ಒಂದು ಮೊಳ ಉದ್ದದ ಕೊಳವೆ. ದೂರದ್ದನ್ನು ತೀರಾ ಹತ್ತಿರ ಎಳೆಯುವುದಿಲ್ಲ, ಆದರೆ ಆರು ಚಂದ್ರರನ್ನು ಸಾಲಾಗಿ ಕೂರಿಸುವಷ್ಟು ಅಗಲದ ಆಕಾಶವನ್ನು ಒಟ್ಟಿಗೆ ತೋರಿಸುತ್ತದೆ. ಜೊತೆಗೆ ಹಗುರ ಮುಕ್ಕಾಲಿ, ಕತ್ತು ನೋಯದಂತೆ ನೋಟವನ್ನು ಬಾಗಿಸುವ ಒಂದು ಗಾಜಿನ ಮೊಣಕೈ, ಗುರಿ ಹಿಡಿಯಲು ಕೊಳವೆಯ ಬೆನ್ನ ಮೇಲೆ ಕೆಂಪು ಚುಕ್ಕೆ ತೋರಿಸುವ ಚಿಕ್ಕ ಸಾಧನ. ಎಲ್ಲವೂ ಒಂದೇ ಚೀಲದಲ್ಲಿ! ಬಿಚ್ಚಿ, ಜೋಡಿಸಿ, ಅಂಗಳದಲ್ಲಿ ನಿಲ್ಲಿಸಿ, ಗಂಗಾಧರ ಗಂಭೀರವಾಗಿ ತಲೆಯೆತ್ತಿ ನೋಡಿದ.

ಮೇಲೆ ಆಕಾಶವೇ ಇರಲಿಲ್ಲ. ಇದ್ದದ್ದು ತೆಂಗಿನ ಗರಿ! ಎತ್ತ ನೋಡಿದರೂ ಗರಿ. ಹುಟ್ಟಿದಂದಿನಿಂದ ಅದೇ ತೋಟದೊಳಗೆ ಬೆಳೆದವನಿಗೆ ಈ ಸಣ್ಣ ವಿಷಯ ಒಂದು ತಿಂಗಳ ಸಂಶೋಧನೆಯಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ಅಗಲವಾಗಿ ಕಾಣೋದನ್ನೇ ತಂದ್ರಲ್ಲ," ಎಂದಳು ವನಜಾಕ್ಷಿ, "ಗರಿ ಎಷ್ಟು ಅಗಲ ಕಾಣ್ತವೆ ನೋಡ್ಕಳಿ."

ಉಳಿದಿದ್ದು ಒಂದೇ ದಾರಿ. ತೋಟದ ಮೂಡಲ ಬದುವಿನಾಚೆ ಪಕ್ಕದ ಕೆಂಚಪ್ಪನ ಹೊಲ. ಆಗಷ್ಟೇ ರಾಗಿ ಕೊಯ್ದು ಬೋಳಾಗಿತ್ತು. ಅದರ ಮೇಲೆ ಒಂದು ಗರಿಯ ಅಡ್ಡಿಯೂ ಇಲ್ಲದ ವಿಶಾಲ ಆಕಾಶ. ಕೆಂಚಪ್ಪ ಒಪ್ಪಿದರೆ ಟೆಲಿಸ್ಕೋಪಿಗೆ ಬದುಕು, ಇಲ್ಲದಿದ್ದರೆ ಅದರ ಮೇಲೂ ಕಂಬಳಿ!

ಗುರುವಾರ ಕೆಂಚಪ್ಪ ಹುಳಿಯಾರಿಗೆ ಹೋಗಿದ್ದ. ಬಂದ ಮೇಲೆ ಕೇಳಿದರಾಯಿತು, ಅಷ್ಟರಲ್ಲಿ ತಯಾರಿ ಮುಗಿಸೋಣ ಎಂದುಕೊಂಡ ಗಂಗಾಧರ. ಕೆಂಪು ಚುಕ್ಕೆಯನ್ನು ಹಗಲಿನಲ್ಲೇ ದೂರದ ಗುರುತೊಂದಕ್ಕೆ ಹೊಂದಿಸಿಡಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು. ಹಾಗಾಗಿ ವನಜಾಕ್ಷಿಯ ಕೈಗೆ ಕೆಂಪು ಬಟ್ಟೆ ಕಟ್ಟಿದ ಗಳ ಕೊಟ್ಟು ಹೊಲದ ಆ ತುದಿಗೆ ಅಟ್ಟಿದ. ತಾನು ಬದುವಿನ ಮೇಲಿದ್ದ ಬಾಂದುಕಲ್ಲಿನ ಪಕ್ಕ ಮುಕ್ಕಾಲಿ ಹೂಡಿದ. ಎರಡು ಜಮೀನಿನ ಗಡಿ ತೋರಿಸುವ ಆ ಕಲ್ಲು, ಕೂತು ನೋಡಲು ಹೇಳಿ ಮಾಡಿಸಿದ ಎತ್ತರಕ್ಕಿತ್ತು. ಕತ್ತಲಲ್ಲೂ ಮುಕ್ಕಾಲಿ ಅಲ್ಲೇ ನಿಲ್ಲಲೆಂದು ಅದರ ಮೂರು ಕಾಲಿನ ಬಳಿ ಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದ.

"ಎಡಕ್ಕೆ ಬಾ! ಇನ್ನೂ ಎಡಕ್ಕೆ! ಬೇವಿನ ಮರ ಅಡ್ಡ ಬತ್ತಾ ಐತೆ!"

"ನನ್ ಕೈ ಬಿದ್ದೋಗ್ತಾ ಐತೆ ಕಣ್ರೀ!"

"ಅಲ್ಲೇ ನೆಡು!"

ವನಜಾಕ್ಷಿ ಗಳ ನೆಟ್ಟಳು. ಗಂಗಾಧರ ಒಂದು ಕಣ್ಣು ಮುಚ್ಚಿ, ಬಾಗಿ, ನೋಡಿ, ನೋಟ್‌ಪುಸ್ತಕದಲ್ಲಿ ಏನೇನೋ ಬರೆದುಕೊಂಡ. ಅದೇ ಹೊತ್ತಿಗೆ ರಸ್ತೆಯಲ್ಲಿ ಕೆಂಚಪ್ಪನ ಮೊಪೆಡ್ ಬಂದು ನಿಂತಿತು. ಗಂಗಾಧರ ಖುಷಿಯಿಂದ ಕೈ ಬೀಸಿದ. ಕೆಂಚಪ್ಪ ಬೀಸಲಿಲ್ಲ. ಮುಕ್ಕಾಲಿ ನೋಡಿದ, ಕೆಂಪು ಬಟ್ಟೆ ನೋಡಿದ, ಸುಣ್ಣ ನೋಡಿದ, ಸದ್ದಿಲ್ಲದೆ ಗಾಡಿ ತಳ್ಳಿಕೊಂಡೇ ಹೊರಟುಹೋದ.

ಶುಕ್ರವಾರ ಬೆಳಗ್ಗೆ ಕೆಂಚಪ್ಪನ ಹಾಲು ಡೈರಿಗೆ ಬರಲಿಲ್ಲ. ಸಂಜೆಯೂ ಬರಲಿಲ್ಲ! ಹದಿನೆಂಟು ವರ್ಷದಲ್ಲಿ ತಾಯಿ ಸತ್ತ ದಿನ ಬಿಟ್ಟರೆ ಒಂದು ಹೊತ್ತೂ ತಪ್ಪಿಸದವನು. ಗಂಗಾಧರನಿಗೆ ಅನ್ನ ಸೇರಲಿಲ್ಲ.

"ಕೇಳ್ದೆ ಹೊಲಕ್ಕೆ ಇಳಿದಿದ್ದಕ್ಕೆ ಬೇಜಾರಾಗವ್ನೆ ಕಣೇ. ಆಕಾಶ ಕೈ ಬಿಟ್ಟಂಗೇ!"

"ಆಕಾಶ ಇರ್ಲಿ, ಕಲ್ಲಮ್ಮಕ್ಕ ನಂಗೂ ಮುಖ ಕೊಟ್ಟು ಮಾತಾಡ್ಲಿಲ್ಲ. ಅವ್ರ ಮನೆಯಿಂದ ಒಂದು ಹಿಡಿ ಅವರೆಕಾಯಾದ್ರೂ ಬತ್ತಿತ್ತು. ಅದೂ ಹೋಯ್ತು," ಎಂದಳು ವನಜಾಕ್ಷಿ. ಕಲ್ಲಮ್ಮ ಎಂದರೆ ಕೆಂಚಪ್ಪನ ಹೆಂಡತಿ.

ಶನಿವಾರ ಬೆಳಗ್ಗೆ ಬಾಗಿಲು ತೆರೆದರೆ ಜಗುಲಿಯ ಮೇಲೆ ಸಾಕ್ಷಾತ್ ಕೆಂಚಪ್ಪ! ಕೈಯಲ್ಲಿ ಒಂದು ಪಾತ್ರೆ ಗಿಣ್ಣು, ಪಕ್ಕದಲ್ಲಿ ಒಂದು ಚೀಲ ಅವರೆಕಾಯಿ, ಮುಖದಲ್ಲಿ ಎರಡು ರಾತ್ರಿಯ ನಿದ್ದೆಗೇಡು.

"ಸೆಕ್ರೆಟ್ರಿ ಸಾಹೇಬ್ರೇ," ಎಂದ.

ಗಂಗಾಧರ ಗಾಬರಿಯಾದ. ಜೀವಮಾನದಲ್ಲಿ ಕೆಂಚಪ್ಪ ಅವನನ್ನು 'ಲೇ ಗಂಗಾ' ಎಂಬುದರಿಂದ ಮೇಲಕ್ಕೆ ಏರಿಸಿದವನಲ್ಲ.

"ನಮ್ಮಪ್ಪ ಮಾಡಿದ್ದು ತಪ್ಪೇ. ಇಲ್ಲ ಅನ್ನಲ್ಲ. ಆದ್ರೆ ಹದ್ದುಬಸ್ತು ಮಾತ್ರ ಬ್ಯಾಡ ಕಣಪ್ಪ! ಸರ್ವೇರು ಬಂದು ಚೈನು ಎಳೆದು ಊರ ಮುಂದೆ ಗಡಿ ತೋರಿಸ್ದ್ರೆ ನಾನು ತಲೆ ಎತ್ಕಂಡು ತಿರುಗೋದು ಹೆಂಗೆ? ಮೂವತ್ತು ವರ್ಸದ ಹಿಂದೆ ಒಂದಿನ ನಸುಕಲ್ಲಿ ಆ ಕಲ್ಲನ್ನ ನಾಲ್ಕು ಹೆಜ್ಜೆ ನಿಮ್ಮ ಕಡೀಕೆ ಉರುಳಿಸ್ಬುಟ್ಟ. ಲಾಟೀನು ಹಿಡ್ಕಂಡಿದ್ದೋನು ನಾನೇ! ಅವತ್ತಿಂದ ಆ ಪಟ್ಟೇಲಿ ನಾವೇ ರಾಗಿ ಬಿತ್ಕಂಡು ತಿಂತಾ ಇದೀವಿ."

ಗಂಗಾಧರನಿಗೆ ಎಲ್ಲ ಒಮ್ಮೆಲೇ ಅರ್ಥವಾಯಿತು. ಮುಕ್ಕಾಲಿ, ಕೆಂಪು ಬಟ್ಟೆ, ಸುಣ್ಣ, ನೋಟ್‌ಪುಸ್ತಕ! ಗಡಿ ಅಳೆಯುವ ಸರ್ವೇರು ಬಂದರೆ ಇನ್ನೇನು ಮಾಡುತ್ತಾನೆ?

"ಕೆಂಚಣ್ಣ, ಅದು ಸರ್ವೇ ಮಿಷಿನ್ ಅಲ್ಲ ಕಣೋ! ನಕ್ಷತ್ರ ನೋಡೋ ಟೆಲಿಸ್ಕೋಪು!"

ಕೆಂಚಪ್ಪ ಗಿಣ್ಣಿನ ಪಾತ್ರೆಯ ಕಡೆ ನೋಡಿದ.

"ಹಂಗಾದ್ರೆ ನಾನು ಸುಮ್ಸುಮ್ನೆ ಬಾಯಿಬುಟ್ನಾ?"

ಇಂಥ ಅವಕಾಶ ಮನುಷ್ಯನಿಗೆ ಎಷ್ಟು ಸಲ ಸಿಗುತ್ತದೆ? ಗಂಗಾಧರ ಎದ್ದು ನಿಂತ. ಪಂಚೆ ಸರಿಮಾಡಿಕೊಂಡ. ರಾಜ್ಯ ಗೆದ್ದು ಮರಳಿ ದಾನ ಕೊಡುವ ಚಕ್ರವರ್ತಿಯ ದನಿ ತೆಗೆದ. "ಕೆಂಚಣ್ಣ! ಆಕಾಶ ನೋಡೋನಿಗೆ ನಾಲ್ಕು ಹೆಜ್ಜೆ ನೆಲ ಯಾವ ಲೆಕ್ಕ? ಕ್ಷಮಿಸಿದೀನಿ! ಕಲ್ಲು ಅಲ್ಲೇ ಇರ್ಲಿ. ಸಂಜೆ ಹೊತ್ತು ನಿನ್ನ ಹೊಲದಲ್ಲಿ ಟೆಲಿಸ್ಕೋಪ್ ಇಟ್ಕಳಕ್ಕೆ ಬುಡು, ಸಾಕು!"

ಕೆಂಚಪ್ಪನ ಕಣ್ಣು ಒದ್ದೆಯಾಯಿತು. ಗಂಗಾಧರನೂ ತನ್ನ ದೊಡ್ಡ ಮನಸ್ಸು ಕಂಡು ಕಣ್ಣೊರೆಸಿಕೊಂಡ. ಆ ದಿನ ಮನೆಯಲ್ಲಿ ಈ ಪ್ರಸಂಗವನ್ನು ಅವನು ನಾಲ್ಕು ಸಲ ಹೇಳಿದ. ಸಲದಿಂದ ಸಲಕ್ಕೆ ಅವನ ಭಾಷಣ ಉದ್ದವಾಗುತ್ತ ಹೋಯಿತು.

ಸಂಜೆ ಏಳೂವರೆಗೆ ಎಲ್ಲರೂ ಬದುವಿನ ಮೇಲೆ ಸೇರಿದರು. ಮಗನ ಸಾಧನೆ ನೋಡಲು ಎಂಬತ್ತು ದಾಟಿದ ತಾಯಿ ಪುಟ್ಟಗೌರಮ್ಮನೂ ಕಂಬಳಿ ಹೊದ್ದು ವನಜಾಕ್ಷಿಯ ಕೈ ಹಿಡಿದು ಬಂದರು. ಗಂಗಾಧರ ಟೆಲಿಸ್ಕೋಪನ್ನು ಕೃತ್ತಿಕೆಗೆ ತಿರುಗಿಸಿ, ಮೊದಲ ಮರ್ಯಾದೆಯೆಂದು ಕೆಂಚಪ್ಪನನ್ನೇ ಬಾಂದುಕಲ್ಲಿನ ಮೇಲೆ ಕೂರಿಸಿದ. ಬರಿಗಣ್ಣಿಗೆ ಆರೇಳು ಚುಕ್ಕೆಯಾಗಿ ಕಾಣುವ ಕೃತ್ತಿಕೆ ಇಡಿಯಾಗಿ ಒಳಗೆ ಕೂತಿತ್ತು, ಸುತ್ತ ಇನ್ನೂ ಹತ್ತಾರು ನಕ್ಷತ್ರಗಳೊಂದಿಗೆ.

"ಅಯ್ಯಯ್ಯೋ! ರಾಗಿ ಚೆಲ್ದಂಗೆ ಐತಲ್ಲೋ!" ಕೆಂಚಪ್ಪ ಕಣ್ಣು ತೆಗೆಯಲೇ ಇಲ್ಲ.

ಪುಟ್ಟಗೌರಮ್ಮ ಮಗನ ತೋಳು ಹಿಡಿದು ಪಕ್ಕಕ್ಕೆಳೆದರು.

"ಲೋ ಗಂಗಾ, ಬೆಳಗ್ಗಿಂದ ಕ್ಷಮಿಸ್ದೆ ಕ್ಷಮಿಸ್ದೆ ಅಂತ ಕುಣೀತಾ ಇದೀಯಲ್ಲ. ಅವ್ರಪ್ಪ ಈಚೆಗೆ ಉರುಳಿಸಿದ್ದು ನಾಲ್ಕು ಹೆಜ್ಜೆ. ಅದಕ್ಕೂ ಹಿಂದಲ ವರ್ಸ ನಿಮ್ಮಪ್ಪ ಅದನ್ನ ಆಚೆಗೆ ಎಂಟು ಹೆಜ್ಜೆ ಉರುಳಿಸಿದ್ದ. ನಮ್ಮ ಕೊನೆ ಸಾಲಿನ ಮರ ನಿಂತಿರೋದು ಇವತ್ತಿಗೂ ಅವ್ರ ನೆಲದಲ್ಲೇ ಕಣ್ಲಾ."

ಗಂಗಾಧರ ಮನಸ್ಸಿನಲ್ಲೇ ಎಂಟರಿಂದ ನಾಲ್ಕು ಕಳೆದ. ತನ್ನ ಸ್ವತ್ತಿನಲ್ಲಿ ಅರ್ಧವನ್ನಷ್ಟೇ ವಾಪಸು ಪಡೆದವನನ್ನು ತಾನು ಪಂಚೆ ಸರಿಮಾಡಿಕೊಂಡು ಕ್ಷಮಿಸಿದ್ದ! ಚಳಿಯಲ್ಲೂ ಬೆವೆತ. ಮುಚ್ಚಿಡಬಹುದಿತ್ತು. ಆದರೆ ಬೆಳಗ್ಗೆ ಗಿಣ್ಣು ಹಿಡಿದು ನಿಂತಿದ್ದ ಆ ಮುಖ ಕಣ್ಣ ಮುಂದೆ ಬಂತು.

"ಕೆಂಚಣ್ಣ," ಎಂದು ಶುರುಮಾಡಿ, ತಡವರಿಸಿ, ಎಂಟು ಹೆಜ್ಜೆಯ ಕಥೆಯನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ. ಟೆಲಿಸ್ಕೋಪು, ಹೊಲ, ಡೈರಿಯ ಹಾಲು, ಎಲ್ಲ ಹೋದವೆಂದೇ ತಿಳಿದು ಕಣ್ಣು ಮುಚ್ಚಿ ನಿಂತ.

ಕೆಂಚಪ್ಪನ ಭುಜ ಕುಲುಕತೊಡಗಿತು. ಆಮೇಲೆ ಇಡೀ ಹೊಲಕ್ಕೆ ಕೇಳುವಂತೆ ನಕ್ಕ.

"ಎರಡು ರಾತ್ರಿ ನಿದ್ದೆಗೆಟ್ನಲ್ಲೋ ಪಾಪಿ! ಕ್ಷಮಿಸಿದೀನಿ ಹೋಗ್ಲಾ!" ಎಂದು ಪಂಚೆ ಸರಿಮಾಡಿಕೊಂಡು, ಮತ್ತೆ ಕಣ್ಣನ್ನು ಗಾಜಿಗೆ ಹಚ್ಚಿದ. "ಮರದ ವಿಷ್ಯ ನಿಧಾನಕ್ಕೆ ಮಾತಾಡಾನ. ಈಗ ನಕ್ಷತ್ರ ನೋಡಾಕ್ ಬುಡು. ಅವು ಜರುಗ್ತಾ ಅವೆ, ಕಲ್ಲೇನು ಎಲ್ಲಿಗೂ ಹೋಗಲ್ಲ."

ಗಂಗಾಧರನಿಗೆ ಹೋದ ಜೀವ ಬಂದಂತಾಯಿತು. ಹೌದು ಹೌದೆಂದು ತಲೆಯಾಡಿಸಿದ. ಕತ್ತಲಿನಿಂದ ಪುಟ್ಟಗೌರಮ್ಮನ ದನಿ ಬಂತು:

"ಹಂಗನ್ಬ್ಯಾಡ ಕಣೋ ಕೆಂಚ! ನಮ್ಮ ಮಾವನೂ ನಿಮ್ಮ ತಾತನೂ ಇದ್ದಾಗ ಅದು ಇನ್ನೂ ಎಲ್ಲೆಲ್ಲಿಗೆ ಹೋಗಿ ಬಂದೈತೆ ಅಂತ ಹೇಳ್ಲಾ?"